ಅಜ್ಜನ ಬಿಎಸ್‌ಎ ಎಂ20: ಮರೂನ್ ಬಣ್ಣದ ಕೆಳಗೆ ಮಿಲಿಟರಿ ನಂಬರ್ ಸಿಕ್ಕಿದೆ, ಈಗ ಏನು ಮಾಡಲಿ?

ಕಾಫಿಕಾಡು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳಲೇಬೇಕಾದ ಪ್ರಸಂಗ ಬಂದಿದೆ.

ಮೂಡಿಗೆರೆ ಹತ್ತಿರ ನಮ್ಮ ತೋಟ. ಕಾಫಿ ಗೋಡೌನಿನ ಹಿಂದೆ ಹರಿದ ಟಾರ್ಪಾಲಿನ ಅಡಿಯಲ್ಲಿ ಅಜ್ಜನ ಬಿಎಸ್‌ಎ ಎಂ20 ಬೈಕು ನಿಂತಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ಸೇನೆ ಬೇಡವೆಂದು ಮಾರಿದ ಡಿಸ್ಪೋಸಲ್ ಮಾಲಿನಲ್ಲಿ ಕೊಂಡದ್ದು ಅಂತ ಮನೆಯಲ್ಲಿ ಹೇಳುತ್ತಾರೆ. 1984ರವರೆಗೆ ಓಡಿದೆ. ಆಮೇಲೆ ನಿಂತದ್ದು ನಿಂತದ್ದೇ. ಇಂಜಿನ್ ಜಾಮ್ ಆಗಿಲ್ಲ, ಕಿಕ್ ಒತ್ತಿದರೆ ಸುತ್ತುತ್ತದೆ. ಟ್ಯಾಂಕು, ಮಡ್‌ಗಾರ್ಡು ಎಲ್ಲಾ ಮರೂನ್.

ಹೋದ ಭಾನುವಾರ ಟ್ಯಾಂಕಿನ ಎಡಗಡೆ ಬಣ್ಣ ಏಳುತ್ತಿದ್ದ ಜಾಗದಲ್ಲಿ 1000 ನಂಬರಿನ ವಾಟರ್ ಪೇಪರ್ ಹಿಡಿದು ಉಜ್ಜಿದೆ. ಸೋಪಿನ ನೀರು ಬಿಟ್ಟುಕೊಂಡು, ಅಂಗೈಯಷ್ಟು ಜಾಗ. ಮೊದಲು ಮರೂನ್ ಹೋಯಿತು. ಅದರ ಕೆಳಗೆ ರೆಡ್ ಆಕ್ಸೈಡ್. ಅದರ ಕೆಳಗೆ ಕಂದು, ಒದ್ದೆ ಮಣ್ಣಿನ ಹಾಗೆ. ಆ ಕಂದಿನ ಮೇಲೆ ಒಂದು ಬಿಳಿ ಗೆರೆ ಕಂಡಿತು. ಅಲ್ಲಿಗೆ ಕೈ ನಿಲ್ಲಿಸಿದೆ. ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಇಂಗ್ಲಿಷಿನ 'ಸಿ' ಅಕ್ಷರ, ಪಕ್ಕದಲ್ಲಿ 4, ಆಮೇಲೆ 6ರ ಹೊಟ್ಟೆ. ಉಳಿದದ್ದು ಇನ್ನೂ ಮರೂನ್ ಒಳಗೇ ಇದೆ. ಯಾರೋ ಕುಂಚ ಹಿಡಿದು ಕೈಯಲ್ಲೇ ಬರೆದದ್ದು. 4ರ ಕಾಲು ಸ್ವಲ್ಪ ಸೊಟ್ಟ.

ಪೂರ್ತಿ ಬಿಚ್ಚಿ ಮಿಲಿಟರಿ ಹಸಿರು ಬಳಿಸೋಣ ಅಂತಿದ್ದೆ. ಕೆಳಗೆ ಹಸಿರೇ ಇಲ್ಲ. ಇದು ನಿಜಕ್ಕೂ ಮಿಲಿಟರಿ ಗಾಡಿಯಾ? ನಂಬರ್ ಏನದು?

ಜಾವಾ_ಹುಚ್ಚ

ಅಣ್ಣಾ, ಹೊಟ್ಟೆ ಉರಿಯುತ್ತಿದೆ, ಮೊದಲು ಅದನ್ನ ಹೇಳಿಬಿಡ್ತೀನಿ.

ಕಂದು ಅಂದ್ರೆ ಪ್ರೈಮರ್ ಇರಬೇಕು. ಮಿಲಿಟರಿ ಅಂದ್ರೆ ಹಸಿರೇ ಅಲ್ವಾ? ಯೋಚನೆ ಮಾಡಬೇಡಿ. ಪೂರ್ತಿ, ಮರಳು ಊದಿ ಬಣ್ಣ ಕೀಳುವ ಬ್ಲಾಸ್ಟಿಂಗ್‌ಗೆ ಕೊಡಿ, ಪೌಡರ್ ಕೋಟ್ ಹಾಕಿಸಿ, ಆಲಿವ್ ಹಸಿರು, ಟ್ಯಾಂಕ್ ಮೇಲೆ ಬಿಳಿ ನಕ್ಷತ್ರ. ಜನವರಿ 26ರ ರ‍್ಯಾಲಿಗೆ ತನ್ನಿ. ಎಲ್ಲರ ಫೋನೂ ನಿಮ್ಮ ಕಡೆಗೇ ತಿರುಗುತ್ತೆ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ದಯವಿಟ್ಟು ಬ್ಲಾಸ್ಟಿಂಗ್‌ಗೆ ಕೊಡಬೇಡಿ!

ಆ ಕಂದು ಪ್ರೈಮರ್ ಅಲ್ಲ. ಅದು ಎಸ್‌ಸಿಸಿ 2 ಅನ್ನುವ ಬಣ್ಣ. ಯುದ್ಧದ ಶುರುವಿನಲ್ಲಿ ಬ್ರಿಟಿಷ್ ಸೇನೆಯ ಬೈಕುಗಳು ಕಾಕಿ ಗ್ರೀನ್ ನಂಬರ್ 3 ಎಂಬ ಬಣ್ಣದಲ್ಲಿದ್ದವು. ಹಸಿರು ಬಣ್ಣಕ್ಕೆ ಬೇಕಾದ ಕ್ರೋಮಿಯಂ ಆಕ್ಸೈಡ್‌ಗೆ ಕೊರತೆ ಬಿತ್ತು. ಹಾಗಾಗಿ 1942ರ ಹೊತ್ತಿಗೆ ಈ ಕಂದಿಗೆ ಬದಲಾದರು. 1944ರಲ್ಲಿ ಎಸ್‌ಸಿಸಿ 15 ಆಲಿವ್ ಡ್ರ್ಯಾಬ್ ಬಂತು. ಅಮೆರಿಕದಿಂದ ಬಂದ ಗಾಡಿಗಳು ಅದಕ್ಕೆ ಹತ್ತಿರದ ಬಣ್ಣದಲ್ಲೇ ಇದ್ದದ್ದರಿಂದ ಅವಕ್ಕೆ ಮತ್ತೆ ಬಳಿಯುವ ಕೆಲಸ ತಪ್ಪಿತು. ಜನ 'ಮಿಲಿಟರಿ ಹಸಿರು' ಅಂತ ಎಲ್ಲ ಬೈಕಿಗೂ ಬಳಿಯುವುದು ಈ ಕೊನೆಯ ಬಣ್ಣವನ್ನೇ.

'ಸಿ'ಯಿಂದ ಶುರುವಾಗುವುದು ಸೆನ್ಸಸ್ ನಂಬರ್. ಸೇನೆ ತನ್ನ ಗಾಡಿಗಳಿಗೆ ಕೊಡುತ್ತಿದ್ದ ನೋಂದಣಿ ನಂಬರ್ ಅದು. ಬೈಕುಗಳಿಗೆ 'ಸಿ'. ಟ್ಯಾಂಕಿನ ಎರಡೂ ಬದಿಗೆ ಬರೆಯುತ್ತಿದ್ದರು. ಬಲಗಡೆಯೂ ಇದ್ದರೆ ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಓದಬಹುದು. ಪೂರ್ತಿ ನಂಬರ್ ಸಿಕ್ಕರೆ, ಜೊತೆಗೆ ಫ್ರೇಮ್ ನಂಬರ್ ಇದ್ದರೆ, ಸೇನೆಯ ಯಾವ ಕಾಂಟ್ರ್ಯಾಕ್ಟ್‌ನಲ್ಲಿ ತಯಾರಾದ ಗಾಡಿ ಎಂದು ಹುಡುಕಬಹುದು.

ನಾನಿರುವ ಮನೆಯಿಂದ ಬಸ್ಸಿನಲ್ಲಿ ಹೋದರೆ ಸ್ಮಾಲ್ ಹೀತ್. ನಿಮ್ಮ ಅಜ್ಜನ ಬೈಕ್ ಹುಟ್ಟಿದ ಊರು ಅದೇ. 1940ರ ನವೆಂಬರಿನಲ್ಲಿ ಅಲ್ಲಿನ ಬಿಎಸ್‌ಎ ಕಾರ್ಖಾನೆಯ ಮೇಲೆ ಜರ್ಮನ್ ಬಾಂಬ್ ಬಿದ್ದು 53 ಕೆಲಸಗಾರರು ಸತ್ತರು. ಅಷ್ಟಾದರೂ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,26,000 ಎಂ20ಗಳು ತಯಾರಾಗಿದ್ದವು.

ಇನ್ನು ಬಿಳಿ ನಕ್ಷತ್ರ, ಅಂದರೆ ಯುದ್ಧದಲ್ಲಿ ಮಿತ್ರರಾಷ್ಟ್ರಗಳ ಗಾಡಿಗಳ ಗುರುತು. ಎಲ್ಲರೂ ಹಾಕುತ್ತಾರೆ ಅಂತ ಹಾಕಬೇಡಿ. ನಿಮ್ಮ ಟ್ಯಾಂಕಿನ ಮೇಲೆ ಅದರ ಗುರುತು ಸಿಕ್ಕರೆ ಸರಿ, ಇಲ್ಲದಿದ್ದರೆ ಬೇಡ.

ಪೀಣ್ಯ_ಲೇತ್

ಬಣ್ಣದ ಜಗಳ ನೀವು ಮಾಡ್ತಾ ಇರಿ. ನಾನು ಸ್ಪ್ಯಾನರ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಗಾಡಿ ಹಾಳಾಗೋದು ಅಲ್ಲೇ.

ಕಾಫಿಕಾಡು ಅವರೇ, ಮನೆಯಲ್ಲಿರುವ ಮೆಟ್ರಿಕ್ ಸ್ಪ್ಯಾನರ್ ಸೆಟ್ ಅದರ ಹತ್ತಿರಕ್ಕೂ ತರಬೇಡಿ. ಅದರ ನಟ್ಟುಗಳು ವಿಟ್‌ವರ್ತ್ ಎಂಬ ಹಳೇ ಇಂಗ್ಲಿಷ್ ಇಂಚಿನ ಅಳತೆ. ಕಾಲು ಇಂಚಿನ ಬೋಲ್ಟಿಗೆ ಹಾಕುವ ವಿಟ್‌ವರ್ತ್ ನಟ್ಟಿನ ಅಗಲ 13.3 ಮಿಲಿಮೀಟರ್. 13 ನಂಬರ್ ಸ್ಪ್ಯಾನರ್ ಒಳಗೆ ಹೋಗಲ್ಲ, 14 ಹಾಕಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತೆ. ಇಲ್ಲಿಗೆ ಬರುವ ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಅರ್ಧಕ್ಕರ್ಧ ನಟ್ಟು ಹೀಗೇ ಗೋಲಿ ಆಗಿರುತ್ತವೆ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ರಾಶಿಯಲ್ಲಿ ಹುಡುಕಿದರೆ ಹಳೇ ವಿಟ್‌ವರ್ತ್ ಸ್ಪ್ಯಾನರ್ ಸಿಗುತ್ತೆ. ತುಕ್ಕು ಹಿಡಿದಿರುತ್ತೆ, ಪರವಾಗಿಲ್ಲ, ಬಾಯಿ ಅಗಲವಾಗಿರಬಾರದು ಅಷ್ಟೇ.

ಥ್ರೆಡ್ ಕೂಡ ಬೇರೆ. ಜಾಸ್ತಿ ಕಡೆ ಸೈಕಲ್ ಥ್ರೆಡ್, ಇಂಚಿಗೆ 26 ಎಳೆ. ಹೊಸ ಬೋಲ್ಟ್ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೇ ಸುತ್ತಿಗೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಅದು ಬೇರೆ ಥ್ರೆಡ್. ಅಲ್ಯೂಮಿನಿಯಂ ಕೇಸಿಂಗ್ ನಿಮಗೋಸ್ಕರ ದಾರಿ ಬಿಡುತ್ತೆ, ಆದರೆ ವಾಪಸ್ ಬರಲ್ಲ.

ಕಿಕ್ ಹೊಡೆಯುವ ಮುಂಚೆ ಇಂಜಿನ್ ಕೆಳಗಿನ ಸಂಪ್ ಪ್ಲಗ್ ಬಿಚ್ಚಿ ನೋಡಿ. ಇದು ಡ್ರೈ ಸಂಪ್ ಇಂಜಿನ್, ಆಯಿಲ್ ಇರುವುದು ಬೇರೆ ಟ್ಯಾಂಕಿನಲ್ಲಿ. ಗಾಡಿ ನಿಂತಲ್ಲೇ ನಿಂತರೆ ಆ ಆಯಿಲ್ ಪಂಪ್ ದಾಟಿ ನಿಧಾನಕ್ಕೆ ಕೆಳಗಿಳಿದು ಕ್ರ್ಯಾಂಕ್‌ಕೇಸ್ ತುಂಬಿಕೊಳ್ಳುತ್ತೆ. ನಿಮ್ಮದು ನಲವತ್ತು ವರ್ಷ ನಿಂತಿದೆ.

ಬಣ್ಣದಕ್ಕ

ನಾನು ಪೇಂಟ್ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎರಡು ಮಾತು.

ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ ಎಂದೇ ಇಟ್ಟುಕೊಳ್ಳಿ. ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿಕೊಂಡೇ ಉಜ್ಜಿದಿರಿ, ಒಳ್ಳೆಯದಾಯಿತು. ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ, ಆ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ. ಬ್ರೇಕ್ ಮತ್ತು ಕ್ಲಚ್ ಬಿಚ್ಚಿದಾಗ ಧೂಳನ್ನು ಕಂಪ್ರೆಸರ್‌ನಲ್ಲಿ ಊದಬೇಡಿ. ಹಳೇ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ನಂಬರ್ ಉಳಿಸಿಕೊಳ್ಳಬೇಕೆಂದರೆ ಇನ್ನು 1000 ಬೇಡ, 2000ಕ್ಕೆ ಹೋಗಿ. ಪೇಪರನ್ನು ಬೆರಳಿಗೆ ಸುತ್ತಿಕೊಂಡರೆ ಒಂದೇ ಕಡೆ ಒತ್ತಡ ಬಿದ್ದು ಗುಳಿ ಬೀಳುತ್ತದೆ, ಅಕ್ಷರವೇ ಹೋಗುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿಗೆ ಸುತ್ತಿಕೊಳ್ಳಿ. ರೆಡ್ ಆಕ್ಸೈಡ್ ತೆಳುವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು ಅಂದರೆ ಬಿಳಿ ಅಕ್ಷರ ಕೂದಲೆಳೆಯಷ್ಟು ಕೆಳಗೆ ಇದೆ ಅಂತ. ಅಲ್ಲಿಂದ ಹತ್ತು ಸಲ ಉಜ್ಜಿ, ಒರೆಸಿ, ನೋಡಿ. ಮತ್ತೆ ಹತ್ತು ಸಲ. ಥಿನ್ನರ್ ಮಾತ್ರ ಬೇಡವೇ ಬೇಡ. ಮರೂನಿನ ಜೊತೆ ಯುದ್ಧವೂ ಬಟ್ಟೆಗೆ ಬಂದುಬಿಡುತ್ತದೆ.

ಸಿಗ್ನಲ್ಸ್_ಹವಾಲ್ದಾರ್

ಬಣ್ಣದಕ್ಕ ಅವರ ಕೊನೇ ಸಾಲಿಗೆ ನಕ್ಕೆ.

ನಾನು ಸೇನೆಯಲ್ಲಿ ಬುಲೆಟ್ ಓಡಿಸಿದವನು, ಆಮೇಲೆ ನಿವೃತ್ತ. ಒಂದು ವಿಷಯ ಎಲ್ಲರೂ ಮರೀತಾರೆ. ಸೇನೆಯ ಗಾಡಿಗೆ ಯಾರೂ ಮುದ್ದು ಮಾಡುವುದಿಲ್ಲ. ತಪಾಸಣೆ ಇದೆ ಅಂದರೆ ಹಿಂದಿನ ದಿನ ಕೊಳೆಯ ಮೇಲೇ ಬಣ್ಣ ಬೀಳುತ್ತದೆ. ಇಂಜಿನ್ ಕೆಟ್ಟರೆ ಪಕ್ಕದ ಗಾಡಿಯದ್ದು ಬಿಚ್ಚಿ ಹಾಕಿ ಕಳಿಸುತ್ತಾರೆ. ಹಾಗಾಗಿ ಹೊಳೆಯುವ ಬೈಕ್ ಮೇಲೆ ನಕ್ಷತ್ರ, ಅಲ್ಲಾಡದ ಪ್ಯಾನಿಯರ್ ಚೀಲ, ಕ್ರೋಮ್ ಸೈಲೆನ್ಸರ್ ನೋಡಿದಾಗ ನನಗೆ ಮದುವೆ ಬ್ಯಾಂಡಿನವರ ಯೂನಿಫಾರ್ಮ್ ನೆನಪಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಸರ್ ಹೇಳಿದ್ದು ನೂರಕ್ಕೆ ನೂರು. ಯುದ್ಧಕಾಲದ ಎಂ20ರಲ್ಲಿ ಹೊಳೆಯುವುದು ಏನೂ ಇರಲಿಲ್ಲ. ಕ್ರೋಮ್ ಬದಲು ಬಣ್ಣ, ಇಲ್ಲವೇ ಮಂಕಾದ ಕ್ಯಾಡ್ಮಿಯಂ ಲೇಪ. 1942ರಲ್ಲಿ ಮಲಯ ಕೈತಪ್ಪಿದ ಮೇಲೆ ರಬ್ಬರಿಗೇ ಬರ ಬಂತು. ಹ್ಯಾಂಡಲ್ ಹಿಡಿಗೆ ಕ್ಯಾನ್ವಾಸ್ ಬಟ್ಟೆ, ಕಾಲಿಡಲು ಬರೀ ಕಬ್ಬಿಣದ ಫುಟ್‌ರೆಸ್ಟ್. ಕಾಫಿಕಾಡು ಅವರೇ, ನಿಮ್ಮದರ ಫುಟ್‌ರೆಸ್ಟ್ ಹೇಗಿದೆ?

ಕಾಫಿಕಾಡು

ಈಗಷ್ಟೇ ಹೋಗಿ ನೋಡಿ ಬಂದೆ. ಬಲಗಡೆ ಬರೀ ಕಬ್ಬಿಣ. ಎಡಗಡೆಯದಕ್ಕೆ ಅಜ್ಜ ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟಿದ್ದಾರೆ!

ಒಂದು ಆತಂಕ ಇದೆ. ಇಂಜಿನ್ ನಂಬರೂ ಫ್ರೇಮ್ ನಂಬರೂ ಎರಡೂ ಡಬ್ಲ್ಯುಎಂ20 ಅಂತಲೇ ಶುರುವಾಗುತ್ತವೆ, ಆದರೆ ಮುಂದಿನ ಅಂಕಿಗಳು ಬೇರೆ ಬೇರೆ. ನೋಡಲು ಬಂದಿದ್ದ ಒಬ್ಬರು 'ಇಂಜಿನ್ ಬದಲಾಗಿದೆ, ಬೆಲೆ ಇಲ್ಲ, ನನಗೆ ಕೊಟ್ಟುಬಿಡಿ' ಅಂದರು.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಕೊಡಬೇಡಿ! ಯುದ್ಧಕಾಲದ ಎಂ20ರಲ್ಲಿ ಕಾರ್ಖಾನೆಯಿಂದ ಹೊರಬರುವಾಗಲೇ ಇಂಜಿನ್ ನಂಬರ್ ಬೇರೆ, ಫ್ರೇಮ್ ನಂಬರ್ ಬೇರೆ. ಎರಡೂ ಒಂದೇ ಇದ್ದರೆ ನಾವು ಇಲ್ಲಿ ಅನುಮಾನ ಪಡುತ್ತೇವೆ, ಯಾರೋ ಅಚ್ಚು ಹೊಡೆದಿದ್ದಾರೆ ಅಂತ. ಭಾರತದಿಂದ ಹೋದ ಗಾಡಿಗಳಲ್ಲಿ ಅದು ಸಾಕಷ್ಟು ನಡೆದಿದೆ. ಮೇಲೆ ಫಳಫಳ, ಒಳಗೆ ನಾಲ್ಕು ಗಾಡಿಗಳ ಸಾಮಾನು. ಹಾಗಾಗಿ ಇಲ್ಲಿ 'ಇಂಡಿಯಾದಿಂದ ಬಂದದ್ದು' ಅಂದರೆ ಕೊಳ್ಳುವವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೇಳಿದಾಗ ನನಗೂ ಚುಚ್ಚುತ್ತದೆ, ಆದರೆ ಸುಳ್ಳು ಅನ್ನಲಾರೆ.

ಪೀಣ್ಯ_ಲೇತ್

ನನ್ನ ಕಣ್ಣೆದುರೇ ಆದ ಕಥೆ ಹೇಳ್ತೀನಿ. ನನ್ನ ಸ್ವಂತ ಎಂ20 ಫ್ರೇಮನ್ನು ಬ್ಲಾಸ್ಟಿಂಗ್‌ಗೆ ಕೊಟ್ಟಿದ್ದೆ. ನಂಬರ್ ಇರುವ ಜಾಗಕ್ಕೆ ಟೇಪ್ ಸುತ್ತಿ ಅಂತ ಎರಡು ಸಲ ಹೇಳಿದ್ದೆ. ಸಂಜೆ ಹೋದರೆ ಫ್ರೇಮ್ ಬೆಳ್ಳಿ ಹಾಗೆ ಹೊಳೀತಿತ್ತು, ನಂಬರ್ ಮಾಯ. ಹುಡುಗ ಖುಷಿಯಿಂದ 'ಸಾರ್, ಏನೋ ಗೀಚಿತ್ತು, ಅದೂ ನೈಸ್ ಮಾಡಿದೀನಿ' ಅಂದ. ಅಳೋದಾ ನಗೋದಾ? ಆರ್‌ಟಿಒಗೆ ಎಷ್ಟು ಸಲ ಓಡಾಡಿದೆ ಅಂತ ಕೇಳಬೇಡಿ.

ಆದ್ದರಿಂದ ಮೊದಲ ಕೆಲಸ: ಎರಡೂ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಉಜ್ಜಿ ಅಚ್ಚು ತೆಗೆದಿಡಿ. ಅಜ್ಜನ ಆರ್‌ಸಿ ಬುಕ್ ಇದೆಯಾ?

ಕಾಫಿಕಾಡು

ಇದೆ. ಗೆದ್ದಲು ಒಂದು ಮೂಲೆ ತಿಂದಿದೆ, ನಂಬರ್ ಓದಬಹುದು.

ಸಿಗ್ನಲ್ಸ್_ಹವಾಲ್ದಾರ್

ಹಾಗಾದರೆ ಅರ್ಧ ಯುದ್ಧ ಗೆದ್ದ ಹಾಗೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪ ತುಂಬಾ ಬದಲಾಗಿರಬಾರದು. ಹೊಸದಾಗಿ ನೋಂದಣಿ ಮಾಡಿಸುವವರಿಗೆ 'ವಿಎ' ಅಕ್ಷರ ಇರುವ ನಂಬರ್, ಫೀಸು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನಾ ಓಡಾಡಲು, ಬಾಡಿಗೆಗೆ ಬಿಡಲು ಆಗಲ್ಲ. ಅಜ್ಜನ ಹೆಸರಿಂದ ವರ್ಗಾವಣೆ ಮೊದಲು ಮಾಡಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಜಾವಾ_ಹುಚ್ಚ

ನನಗೆ ಇನ್ನೂ ಕಂದು ನಂಬಿಕೆ ಬರ್ತಿಲ್ಲ. ಮನೆಯಲ್ಲಿ ನೋಡಿದವರು ಯಾರಾದರೂ ಇದ್ದಾರಾ? ಕೇಳಿ ನೋಡಿ. ಹಸಿರು ಅಂತಾರೆ, ಬೆಟ್!

ಕಾಫಿಕಾಡು

ಅಜ್ಜಿ ಇದ್ದಾರೆ, 91 ವರ್ಷ. ಕಿವಿ ಸ್ವಲ್ಪ ಮಂದ, ನೆನಪು ಚೂಪು. ಕಾಫಿ ಕೊಡುವಾಗ ಕೇಳಿದೆ. 'ನಾನು ಮದುವೆಯಾಗಿ ಬಂದಾಗ ಅದು ಸಗಣಿ ಬಣ್ಣ ಇತ್ತು ಮಾರಾಯ. ಅದರ ಮೇಲೆ ಕೂತು ತವರಿಗೆ ಹೋಗಲ್ಲ ಅಂತ ನಾನೇ ಹಟ ಹಿಡಿದೆ. ಜೀಪಿಗೆ ಬಳಿದು ಉಳಿದಿದ್ದ ಬಣ್ಣ ಹಚ್ಚಿಸಿದ್ರು' ಅಂದರು.

ಜಾವಾ_ಹುಚ್ಚ

ಶರಣಾದೆ 🙏 ಎಸ್‌ಸಿಸಿ 2ಕ್ಕೆ ಇಷ್ಟು ಸರಿಯಾದ ಹೆಸರು ಇನ್ನೊಂದಿಲ್ಲ.

ಬಣ್ಣದಕ್ಕ

ನನಗೆ ಈಗ ವಿಷಯ ತಿರುಗಿ ಕಾಣುತ್ತಿದೆ. ನಾವೆಲ್ಲ ಮರೂನ್ ಅಂದರೆ 'ತೆಗೆಯಬೇಕಾದ್ದು' ಅಂತಲೇ ಮಾತಾಡುತ್ತಿದ್ದೆವು. ಲೆಕ್ಕ ಹಾಕಿ. ಕಂದು ಬಣ್ಣ ಬಂದದ್ದು 1942ರ ಹೊತ್ತಿಗೆ, ಯುದ್ಧ ಮುಗಿದದ್ದು 1945ಕ್ಕೆ. ಸೇನೆಯಲ್ಲಿ ಈ ಗಾಡಿ ಎಷ್ಟು ದಿನ ಇದ್ದಿರಬಹುದು, ಮೂರು ವರ್ಷ? ನಿಮ್ಮ ಅಜ್ಜನ ಕೈಯಲ್ಲಿ 37 ವರ್ಷ. ಮರೂನ್ ಆದದ್ದು ಅಜ್ಜಿಯ ಹಟಕ್ಕೆ. ಇದರಲ್ಲಿ 'ಒರಿಜಿನಲ್' ಯಾವುದು?

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ನಾನು ಒಪ್ಪಲಾರೆ. ಮರೂನ್ ಎಂ20 ಅಂದರೆ ಯಾರೋ ಒಬ್ಬರ ಮನೆಯ ಬೈಕು. ಸೆನ್ಸಸ್ ನಂಬರ್ ಸಮೇತ ಕಂದು ಎಂ20 ಅಂದರೆ ಇತಿಹಾಸ. ಕಾರ್ಖಾನೆಯ ಬಣ್ಣ ಅಡಿಯಲ್ಲಿ ಉಳಿದಿರುವುದು ಬಲು ಅಪರೂಪ. ಮೇಲಿನದ್ದನ್ನು ನಿಧಾನಕ್ಕೆ ತೆಗೆದು ಕಂದನ್ನು ಪೂರ್ತಿ ಹೊರತರಬಹುದು, ಆರು ತಿಂಗಳ ಕೆಲಸ.

ಸಿಗ್ನಲ್ಸ್_ಹವಾಲ್ದಾರ್

ಮನೆಯ ಬೈಕು ಇತಿಹಾಸ ಅಲ್ವಾ ತಮ್ಮಾ? ಸೇನೆ ಬಿಟ್ಟ ಗಾಡಿ ತೋಟ, ತವರು, ಸಂತೆ ಅಂತ ಓಡಾಡಿದ್ದೂ ಆಗಿ ಹೋದದ್ದೇ. ಬರೆದಿಟ್ಟವರಿಲ್ಲ ಅಷ್ಟೇ.

ಕಾಫಿಕಾಡು (ಮೂರು ತಿಂಗಳ ನಂತರ)

ಬಣ್ಣದ ವಿಷಯ ಪಕ್ಕಕ್ಕಿಟ್ಟು ಮೆಕ್ಯಾನಿಕಲ್ ಕೆಲಸ ಮುಗಿಸಿದೆ. ಸಂಪಿನಿಂದ ಒಂದೂವರೆ ಲೀಟರ್ ಕರೀ ಪಾಯಸ ಬಂತು. ಪಿಸ್ಟನ್ ರಿಂಗ್ ಹೊಸದು, ಮುಂದಿನ ಗರ್ಡರ್ ಫೋರ್ಕಿನ ಬುಷ್ ಎಲ್ಲ ಲೇತಿನಲ್ಲಿ ಮಾಡಿಸಿದ್ದು. ಟೈರ್ 3.25-19, ಹಳೇ ಬುಲೆಟ್‌ನ ಸೈಜೇ, ಅದೊಂದು ಸಲೀಸಾಯಿತು.

ತೊಂದರೆ ಏನಂದ್ರೆ, ಬೆಳಿಗ್ಗೆ ಎರಡನೇ ಕಿಕ್ಕಿಗೆ ಸ್ಟಾರ್ಟ್. ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಕೆಮ್ಮಿ ನಿಲ್ಲುತ್ತದೆ. ಎಷ್ಟು ಒದ್ದರೂ ಇಲ್ಲ. ಮಾರನೇ ದಿನ ಮತ್ತೆ ಎರಡನೇ ಕಿಕ್ಕು. ಕಾರ್ಬ್ಯುರೇಟರ್ ನಾಲ್ಕು ಸಲ ಬಿಚ್ಚಿದೆ, ಪೆಟ್ರೋಲ್ ಸರಿಯಾಗಿ ಬರ್ತಿದೆ.

ಪೀಣ್ಯ_ಲೇತ್

ಕಾರ್ಬ್ಯುರೇಟರ್ ಪಾಪ, ಅದನ್ನ ಬಿಟ್ಟುಬಿಡಿ. ಇದು ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಕಂಡೆನ್ಸರ್. ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದಾಗ ಕೈಕೊಡುವುದು ಅದರ ಹುಟ್ಟುಗುಣ. ಈ ಬೈಕಿನ ಲ್ಯೂಕಸ್ ಮ್ಯಾಗ್‌ಡೈನೋದಲ್ಲಿ ಕಂಡೆನ್ಸರ್ ಇರುವುದು ಸುತ್ತುವ ಆರ್ಮೇಚರ್ ಒಳಗೇ. 80 ವರ್ಷದ ಸಾಮಾನು.

ನೀವೇ ನೋಡಿ: ಗಾಡಿ ನಿಂತ ತಕ್ಷಣ ಪ್ಲಗ್ ಬಿಚ್ಚಿ ಕೇಬಲ್‌ಗೆ ಹಾಕಿ ಹೆಡ್ ಮೇಲೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೆಗೆದ ತೂತಿನ ಹತ್ತಿರ ಬೇಡ, ಪೆಟ್ರೋಲ್ ಆವಿಗೆ ಬೆಂಕಿ ಹತ್ತೀತು. ಕಿಡಿ ಹಳದಿಯಾಗಿ, ಸೊರಗಿ, ಬಂದರೂ ಬರದ ಹಾಗಿದ್ದರೆ ಅದೇ. ಕತ್ತಲಲ್ಲಿ ಮ್ಯಾಗ್ನೆಟೋದ ಪಾಯಿಂಟ್ (ತೆರೆದು ಮುಚ್ಚುವ ಸ್ವಿಚ್) ಕಡೆ ನೋಡಿ, ಅಲ್ಲಿ ಜಾಸ್ತಿ ಕಿಡಿ ಹಾರ್ತಿರುತ್ತೆ.

ಬಿಚ್ಚುವಾಗ ಜೋಪಾನ. ಆರ್ಮೇಚರ್ ಎಳೆಯುವ ಮುಂಚೆ ಎಚ್‌ಟಿ ಪಿಕಪ್, ಅರ್ಥ್ ಬ್ರಷ್, ಸೇಫ್ಟಿ ಗ್ಯಾಪಿನ ಸ್ಕ್ರೂ ಮೂರೂ ತೆಗೆದಿರಬೇಕು. ಒಂದು ಮರೆತರೂ ಸ್ಲಿಪ್ ರಿಂಗ್ ಪಟ್ ಅಂತ ಒಡೆಯುತ್ತೆ. ನಾನು ಒಡೆದಿದ್ದೀನಿ. ವೈಂಡಿಂಗ್ ಮೇಲಿನ ಹಳೇ ಅರಗು ಕರಗಿ ಅಂಟಂಟಾಗಿದ್ದರೆ ಅದನ್ನೂ ಸುತ್ತಿಸಿಬಿಡಿ. ವಾಪಸ್ ಹಾಕುವ ಮುಂಚೆ ಮ್ಯಾಗ್ನೆಟ್ ಚಾರ್ಜ್ ಮಾಡಿಸಿ. ಪಾಯಿಂಟ್ ಗ್ಯಾಪ್ 12 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ 12 ಪಾಲು.

ಜಾವಾ_ಹುಚ್ಚ

ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಏನು ಮಾಡ್ತಿದೀರಾ? ಅದೂ ಕಾರಣ ಇರಬಹುದಾ?

ಪೀಣ್ಯ_ಲೇತ್

ಉರಿಯೋದಕ್ಕೆ ತೊಂದರೆ ಇಲ್ಲ. ಕಂಪ್ರೆಶನ್ ಬರೀ 4.9, ತುಂಬಾ ಕಡಿಮೆ, ಯುದ್ಧಕಾಲದ ಕಳಪೆ ಪೆಟ್ರೋಲಿಗೇ ಮಾಡಿದ ಇಂಜಿನ್. ಆದರೆ ಎಥನಾಲ್ ನೀರು ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ತಿನ್ನುತ್ತೆ, ಟ್ಯಾಂಕಿಗೆ ಒಳಗಿಂದ ತುಕ್ಕು. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕೂ ಫ್ಲೋಟ್ ಬೌಲೂ ಖಾಲಿ ಮಾಡಿ ಇಡಿ.

ಕಾಫಿಕಾಡು (ಮತ್ತೆ ಐದು ವಾರದ ನಂತರ)

ಕಂಡೆನ್ಸರೇ. ಪೀಣ್ಯದಣ್ಣನಿಗೆ ಒಂದು ಮೂಟೆ ಕಾಫಿ ಬಾಕಿ ಇದೆ.

ನಿನ್ನೆ ಬೆಳಿಗ್ಗೆ ಫ್ಲೋಟ್ ಬೌಲಿನ ಗುಬ್ಬಿ ಒತ್ತಿ ಪೆಟ್ರೋಲ್ ಉಕ್ಕಿಸಿ, ಇಗ್ನಿಷನ್ ಲಿವರ್ ಹಿಂದಕ್ಕೆ ತಂದು, ವಾಲ್ವ್ ಲಿಫ್ಟರ್ ಹಿಡಿದು ಪಿಸ್ಟನ್ ತುದಿ ದಾಟಿಸಿ, ಒಂದೇ ಒದೆ. ಡುಗ್... ಡುಗ್... ಡುಗ್. ಎರಡು ಡುಗ್ ನಡುವೆ ಒಂದು ಮಾತು ಆಡಬಹುದು, ಅಷ್ಟು ನಿಧಾನ. ಹ್ಯಾಂಡ್‌ಪೋಸ್ಟ್‌ವರೆಗೆ ಹೋಗಿ ಬಂದೆ, ಹೋಗಿ ಬಂದು 22 ಕಿಲೋಮೀಟರ್. ಎಲ್ಲೂ ನಿಲ್ಲಲಿಲ್ಲ. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಇಲ್ಲ ಅಂತ ಗೊತ್ತಿತ್ತು. ನಮ್ಮ ತೋಟದ ರಸ್ತೆಯಲ್ಲಿ ಬೆನ್ನಿಗೂ ಗೊತ್ತಾಯಿತು.

ಬಣ್ಣ: ಎಡಗಡೆ ನಂಬರ್ ಪೂರ್ತಿ ಬಿಡಿಸಿದೆ, ಎಲ್ಲ ಅಂಕಿಯೂ ಸಿಕ್ಕಿದೆ. ಕಂದು ಕಿಟಕಿ ಹಾಗೆ, ಸುತ್ತ ಮರೂನ್. ಬಲಗಡೆ ಮುಟ್ಟಲ್ಲ. ಬರ್ಮಿಂಗ್‌ಹ್ಯಾಮಿನವರು ಬೈಯಬಹುದು, ಆದರೆ ಅಜ್ಜಿ ಇರುವವರೆಗೆ ಪೂರ್ತಿ ಸಗಣಿ ಬಣ್ಣಕ್ಕೆ ತಂದರೆ ನನಗೆ ಮನೆಯಲ್ಲಿ ಊಟ ಇಲ್ಲ.

ವಾಪಸ್ ಬಂದು ಅಂಗಳದಲ್ಲಿ ನಿಲ್ಲಿಸಿದೆ. ಅಜ್ಜಿ ಒಳಗೆ ಹೋಗಿ ತಗ್ಗುಬಿದ್ದ ಒಂದು ಅಲ್ಯೂಮಿನಿಯಂ ತಟ್ಟೆ ತಂದು, ನೋಡದೆಯೇ, ಸರಿಯಾಗಿ ಇಂಜಿನ್ ಎಡಗಡೆ ಕೆಳಗೆ ತಳ್ಳಿದರು. ಒಂದು ನಿಮಿಷಕ್ಕೆ ಟಪ್ ಅಂತ ಮೊದಲ ಹನಿ ಅದರೊಳಗೇ ಬಿತ್ತು.

ಪೀಣ್ಯ_ಲೇತ್

ಎಡಗಡೆ ಅಂದ್ರೆ ಪ್ರೈಮರಿ ಚೈನ್ ಕೇಸು. ತಗಡಿನ ಕೇಸು, ಕಾರ್ಕ್ ಪ್ಯಾಕಿಂಗ್, ಅದು ಸೋರೋದೇ. ಅಂಚು ಬಗ್ಗಿದ್ದರೆ ಗಾಜಿನ ಮೇಲಿಟ್ಟು ನೋಡಿ ನೇರ ಮಾಡಿ. ಹೊಸ ಕಾರ್ಕ್ ನಾನು ಕಳಿಸ್ತೀನಿ. ತಟ್ಟೆ ಮಾತ್ರ ಎಸೀಬೇಡಿ.